ಇನ್ನೂರು ಡಾಲರಿನ ಕವಿ

1948. ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ಅನ್ನೋ ಪುಟ್ಟ ದ್ವೀಪ. ಹದಿನೆಂಟರ ಹುಡುಗ ಡೆರೆಕ್ ವಾಲ್ಕಾಟ್ ಅಮ್ಮನ ಹತ್ತಿರ ಇನ್ನೂರು ಡಾಲರ್ ಕೇಳಿದ. ಓದಿಗಲ್ಲ, ಕವನ ಸಂಕಲನ ಅಚ್ಚು ಹಾಕಿಸೋಕೆ! ಗಂಡ ತೀರಿಹೋದ ಮೇಲೆ ಶಾಲೆಯಲ್ಲಿ ಪಾಠ ಹೇಳಿ, ಬಟ್ಟೆ ಹೊಲಿದು ಮೂರು ಮಕ್ಕಳನ್ನು ಸಾಕಿದ ತಾಯಿ ಅವರು. ಹೇಗೋ ಹೊಂದಿಸಿ ಕೊಟ್ಟರು. ಹುಡುಗ ಪುಸ್ತಕಗಳನ್ನು ತಾನೇ ಮಾರಿ ದುಡ್ಡು ತೀರಿಸಿದ.

ಆ ದ್ವೀಪದಲ್ಲಿ ಶಾಲೆಯ ಭಾಷೆ ಇಂಗ್ಲಿಷ್, ಬೀದಿಯ ಭಾಷೆ ಫ್ರೆಂಚ್ ಬೆರೆತ ಕ್ರಿಯೋಲ್. ಕವಿತೆಯನ್ನು ಒಬ್ಬನೇ ಕೂತು ಇಂಗ್ಲಿಷಿನಲ್ಲಿ ಬರೆಯಬಹುದು. ಆದರೆ ನಾಟಕದಲ್ಲಿ ಇದ್ದಿಲು ಸುಡುವವನು ಮಾತಾಡಬೇಕಲ್ಲ? ಅವನು ಯಾವ ಭಾಷೆ ಆಡಬೇಕು? ವಾಲ್ಕಾಟ್ ಎರಡನ್ನೂ ಬಿಡಲಿಲ್ಲ. 1959ರಲ್ಲಿ ಟ್ರಿನಿಡಾಡಿನಲ್ಲಿ ನಾಟಕ ತಂಡ ಕಟ್ಟಿದರು. ಹೊಟ್ಟೆಪಾಡಿಗೆ ಪತ್ರಿಕೆಗೆ ಬರೆಯುತ್ತಾ 1976ರವರೆಗೂ ಅದನ್ನು ನಡೆಸಿದರು. ಇದ್ದಿಲು ಸುಡುವವನ ಕಥೆಯ 'ಡ್ರೀಮ್ ಆನ್ ಮಂಕಿ ಮೌಂಟನ್' 1971ರಲ್ಲಿ ನ್ಯೂಯಾರ್ಕಿನ ಓಬಿ ಪ್ರಶಸ್ತಿ ಪಡೆಯಿತು.

1981ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸೋಕೆ ಶುರು ಮಾಡಿದರು. ಅದೇ ವರ್ಷ ಹೊಸ ನಾಟಕಕಾರರಿಗಾಗಿ ಅಲ್ಲೊಂದು ರಂಗಮಂದಿರವನ್ನೂ ಹುಟ್ಟುಹಾಕಿದರು. ನಾಟಕ ಅನ್ನೋದು ಕಾಗದದ ಮೇಲೆ ಮುಗಿಯೋದಿಲ್ಲ, ನಟನ ಬಾಯಲ್ಲಿ ನಿಂತರೆ ಮಾತ್ರ ನಿಂತಂತೆ. ಇದನ್ನು ಬಯಲಾಟ ನೋಡಿ ಬೆಳೆದ ನಮಗೆ ಬೇರೆ ಹೇಳಬೇಕಾಗಿಲ್ಲ.

1992ರಲ್ಲಿ ನೊಬೆಲ್ ಬಂತು. ತಮ್ಮ ಭಾಷಣವನ್ನು ಅವರು ಶುರು ಮಾಡಿದ್ದು ಎಲ್ಲಿಂದ ಗೊತ್ತಾ? ಟ್ರಿನಿಡಾಡಿನ ಫೆಲಿಸಿಟಿ ಅನ್ನೋ ಹಳ್ಳಿಯ ರಾಮಲೀಲೆಯಿಂದ! ಕಬ್ಬಿನ ತೋಟಗಳ ಕೂಲಿಗೆಂದು ಕರಾರಿನ ಮೇಲೆ ಹಡಗು ಹತ್ತಿದ ಭಾರತೀಯರ ಮೊಮ್ಮಕ್ಕಳು, ಮರಿಮಕ್ಕಳು ಆಡುವ ಆಟ ಅದು. ತಾನು ಅದನ್ನು ಬರೀ ನಾಟಕ ಅಂದುಕೊಂಡೆ, ಆಡುವವರಿಗೆ ಅದು ನಂಬಿಕೆಯಾಗಿತ್ತು ಅಂತ ಅವರು ಒಪ್ಪಿಕೊಂಡರು. ನೊಬೆಲ್ ವೇದಿಕೆಯಲ್ಲಿ ನಿಂತು ಹಾಗೆ ಹೇಳೋಕೆ ದೊಡ್ಡ ಮನಸ್ಸು ಬೇಕು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ 1982ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿನಿಯೊಬ್ಬರು ಅವರ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದರು. ವಿಶ್ವವಿದ್ಯಾಲಯ ಆಕೆಗೆ ಅವರು ಕೊಟ್ಟಿದ್ದ ದರ್ಜೆಯನ್ನೇ ಬದಲಿಸಬೇಕಾಯಿತು. 1996ರಲ್ಲಿ ಬಾಸ್ಟನ್ನಿನ ಇನ್ನೊಬ್ಬ ವಿದ್ಯಾರ್ಥಿನಿ ದಾವೆ ಹೂಡಿದರು, ಅದು ಕೋರ್ಟಿನ ಹೊರಗೆ ರಾಜಿಯಾಯಿತು. 2009ರಲ್ಲಿ ಆಕ್ಸ್‌ಫರ್ಡ್‌ನ ಕಾವ್ಯ ಪ್ರಾಧ್ಯಾಪಕ ಹುದ್ದೆಗೆ ಅವರು ಸ್ಪರ್ಧಿಸಿದಾಗ ಯಾರೋ ಹೆಸರಿಲ್ಲದ ಪತ್ರಗಳಲ್ಲಿ ಹಳೆಯ ಆರೋಪಗಳನ್ನು ಹಂಚಿದರು, ವಾಲ್ಕಾಟ್ ಹಿಂದೆ ಸರಿದರು. ಹಾಗೆ ಪತ್ರ ಹಂಚಿದ್ದು ಹೇಡಿತನವೇ. ಹಾಗಂತ ದೂರು ಸುಳ್ಳಾಗೋದಿಲ್ಲ.

'ಕೃತಿ ನೋಡಿ, ಕವಿಯ ಬದುಕು ಯಾಕೆ?' ಅನ್ನೋರಿದ್ದಾರೆ. ಓದುಗರ ಮಟ್ಟಿಗೆ ಸರಿ. ಆದರೆ ಮೇಷ್ಟ್ರ ವಿಷಯದಲ್ಲಿ ಈ ಮಾತು ನಡೆಯೋದಿಲ್ಲ. ಬರವಣಿಗೆಯ ತರಗತಿಯಲ್ಲಿ ವಿದ್ಯಾರ್ಥಿ ತನ್ನ ಒಳಗನ್ನೇ ಬಿಚ್ಚಿ ಮುಂದಿಡುತ್ತಾಳೆ, ಅಂಕ ಹಾಕುವ ಪೆನ್ನು ಮಾತ್ರ ಮೇಷ್ಟ್ರ ಕೈಯಲ್ಲಿರುತ್ತೆ.

2017ರ ಮಾರ್ಚ್‌ನಲ್ಲಿ ವಾಲ್ಕಾಟ್ ಸೇಂಟ್ ಲೂಸಿಯಾದಲ್ಲೇ ತೀರಿಕೊಂಡರು. ಅವರ ಪುಸ್ತಕ ನಮ್ಮ ಕಪಾಟಿನಲ್ಲಿರಲಿ, ಖಂಡಿತ ಓದೋಣ. ಅವರ ಚರಿತ್ರೆ ಬರೆಯುವಾಗ ಆ ದೂರುಗಳ ಪುಟವನ್ನು ಹರಿಯೋದು ಬೇಡ, ಅಷ್ಟೇ.