ಮಗಳ ಮನೆಯ ಕಾಡುದಾರಿ

ನಮ್ಮ ಯಡೂರಿನ ಮಗ್ಗುಲಲ್ಲಿ ಹರಿಯುವ ಕೃಷ್ಣೆ ಎಷ್ಟೋ ಊರು ದಾಟಿ ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆ ಎನಿಸಿಕೊಳ್ಳುತ್ತಾಳೆ. ಹೊಳೆ ಹೋದ ಕಡೆಗೇ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಜನವೂ ನಡೆದು ಹೋಗುತ್ತಾರೆ. 2022ರಲ್ಲಿ ದೀಪಾವಳಿ ಮುಗಿದ ಮೇಲೆ ಶ್ರೀಶೈಲ ಪೀಠದ ಜಗದ್ಗುರು ಚನ್ನಸಿದ್ಧರಾಮ ಪಂಡಿತಾರಾಧ್ಯ ಶಿವಾಚಾರ್ಯರು ಯಡೂರಿನಿಂದಲೇ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಿದ್ದರು. ಮಳೆ ನಿಂತು ಬಿಸಿಲು ಇನ್ನೂ ಮೆತ್ತಗಿರುವ ಆ ಕಾಲ ನಡೆಯುವವರಿಗೆ ಹಿತವೇ. ಆದರೆ ಒಕ್ಕಲುತನದ ಮನೆಯ ಹೆಂಗಸರಿಗೆ ಆಗ ಪುರುಸೊತ್ತೆಲ್ಲಿ? ಅವರದು ಸುಗ್ಗಿ ಮುಗಿದ ಮೇಲಿನ ಯುಗಾದಿಯ ನಡಿಗೆ.

ಈ ನಡಿಗೆಯ ಕಾರಣ ಕೇಳಿದರೆ ತವರಿನ ನೆನಪಿರುವ ಯಾರಿಗೂ ಅರ್ಥವಾದೀತು. ಶ್ರೀಶೈಲದ ಭ್ರಮರಾಂಬೆ ನಮ್ಮ ಕನ್ನಡ ಮನೆಗಳ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸ, ಬಳೆ ಒಯ್ಯಬೇಕಲ್ಲವೇ? ಗಂಡಸರ ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಹೆಂಗಸರ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಮತ್ತು ಮಗಳ ಉಡಿ.

ವಾರಗಟ್ಟಲೆ ಊರುಗಳ ನಡುವೆ ನಡೆದ ಮೇಲೆ, ಆತ್ಮಕೂರು ದಾಟಿದರೆ ನಲ್ಲಮಲ ಕಾಡು. ನಾನು ಒಮ್ಮೆ ನಮ್ಮ ಅತ್ತೆಯವರ ಜೊತೆ ಅಲ್ಲಿ ನಡೆದಿದ್ದೇನೆ. ನಾಗಲೂಟಿಯಲ್ಲಿ ವೀರಭದ್ರನ ಗುಡಿ ಕಂಡಾಗ ಅತ್ತೆಗೆ ಹಿಗ್ಗೋ ಹಿಗ್ಗು. ಯಡೂರಿನ ದೇವರೂ ವೀರಭದ್ರನೇ ತಾನೆ! ಅಲ್ಲಿಂದ ಮುಂದೆ ಕಲ್ಲು, ಬಿದಿರುಮೆಳೆ, ಒಣ ಎಲೆ. ಹತ್ತು ಹೆಜ್ಜೆಗೊಂದು ಕವಲು. "ಅತ್ತಿ, ಒಂದು ಬೋರ್ಡೂ ಇಲ್ಲಲ್ರಿ," ಎಂದೆ. "ಬೋರ್ಡ್ ಯಾಕ ಬೇಕವಾ? ನೀರ ಎಲ್ಲಿ ಐತಿ, ದಾರಿ ಅಲ್ಲಿಗೇ ಹೋಗ್ತೈತಿ," ಎಂದರು.

ಹಳೆಯ ಹೆಸರುಗಳನ್ನು ಬಿಡಿಸಿ ನೋಡಿದರೆ ಅವರ ಮಾತು ನಿಜ. ಪೆದ್ದಚೆರುವು ಎಂದರೆ ತೆಲುಗಿನಲ್ಲಿ ದೊಡ್ಡ ಕೆರೆ. ಭೀಮುನಿಕೊಲನು ಎಂದರೆ ಭೀಮನ ಕೊಳ. ಆಳದ ಕಣಿವೆಗೆ ಇಳಿದು ಆ ಕೊಳ ಮುಟ್ಟಬೇಕು, ಮತ್ತೆ ಮೆಟ್ಟಿಲು ಹತ್ತಿ ಕೈಲಾಸದ್ವಾರ ಸೇರಬೇಕು. ಉರಿಬಿಸಿಲಿನಲ್ಲಿ ಹೊರಟವರು ತಂಗುವ ಜಾಗವನ್ನು ನೀರು ನೋಡಿಯೇ ಆರಿಸಿದ್ದಾರೆ.

ಇತಿಹಾಸದ ಪುಸ್ತಕದಲ್ಲಿ ಈ ಬೆಟ್ಟಕ್ಕೆ ಬೇರೆ ಹೆಸರುಗಳಿವೆ. 14ನೆಯ ಶತಮಾನದಲ್ಲಿ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ. 1794ರಲ್ಲಿ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಬಂದು ಗುಡಿಯನ್ನು ನೋಡಿ ವರದಿ ಬರೆದ. 1830ರಲ್ಲಿ ಮದ್ರಾಸಿನಿಂದ ಕಾಶಿಗೆ ಹೊರಟ ಏನುಗುಲ ವೀರಾಸ್ವಾಮಿ ನಾಗಲೂಟಿ, ಪೆದ್ದಚೆರುವಿನ ದಾರಿ ಹಿಡಿದೇ ಹತ್ತಿ, ತನ್ನ ಯಾತ್ರಾಚರಿತ್ರೆಯಲ್ಲಿ ಅದನ್ನು ದಾಖಲಿಸಿದ. ಅವರಿಗೆಲ್ಲ ನಮಸ್ಕಾರ. ಆದರೆ ಕಟ್ಟಿದ ಮೆಟ್ಟಿಲೂ ಯಾರೂ ತುಳಿಯದೆ ಬಿಟ್ಟರೆ ನಾಲ್ಕು ಮಳೆಗಾಲದಲ್ಲಿ ಮುಳ್ಳುಕಂಟಿಯ ಪಾಲು. ದಾರಿಯನ್ನು ಉಳಿಸಿದ್ದು ವರ್ಷ ವರ್ಷವೂ ತುಳಿದ ಪಾದಗಳು, ಮತ್ತು ಕಾಡಿನ ಒಳಹೊರಗು ಬಲ್ಲ ಚೆಂಚು ಜನ. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದಳು. ಅವಳಿಗೆ ವಚನಗಳಿದ್ದವು, ಹೆಸರು ಉಳಿಯಿತು. ಅವಳ ನಂತರ ನಡೆದ ಸಾವಿರಾರು ಅಕ್ಕ-ಅವ್ವಂದಿರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಈಗ ಆ ಕಾಡು ಹುಲಿ ಸಂರಕ್ಷಿತ ಪ್ರದೇಶ. ಶಿವರಾತ್ರಿ, ಯುಗಾದಿಯ ದಿನಗಳಲ್ಲಿ ಅರಣ್ಯ ಇಲಾಖೆ ಭಕ್ತರಿಗೆ ದಾರಿ ಬಿಡುತ್ತದೆ. ಹುಲಿಗೂ ತನ್ನ ಮನೆ ಬೇಕು, ಅದು ಸರಿಯೇ. ಬಸ್ಸಿನ ರಸ್ತೆ ಬಂದದ್ದೂ ಒಳ್ಳೆಯದೇ. ಮೊಣಕಾಲು ನೋವಿನವರೂ ಮಗಳ ಮುಖ ನೋಡುವಂತಾಯಿತು. ಆದರೆ ಎಲ್ಲಿ ನೀರು ಸಿಹಿ, ಎಲ್ಲಿ ಎಡಕ್ಕೆ ಹೊರಳಬೇಕು, ಯಾವ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಬೇಕು ಎಂಬ ತಿಳಿವು ಬಸ್ಸಿನ ಕಿಟಕಿಯಿಂದ ಸಿಗುವುದಿಲ್ಲ. ಅದು ಅತ್ತೆಯಿಂದ ಸೊಸೆಗೆ, ಅವ್ವನಿಂದ ಮಗಳಿಗೆ ಬಂದದ್ದು.

ನಿಮ್ಮ ಮನೆಯಲ್ಲಿ ಕಂಬಿಯ ಹಿಂದೆ ನಡೆದ ಹಿರಿಯಳು ಯಾರಾದರೂ ಇದ್ದರೆ, ಒಂದು ಮಧ್ಯಾಹ್ನ ಬಳಿ ಕೂತು ಕೇಳಿ: ಎಲ್ಲೆಲ್ಲಿ ಇಳಿದಿರಿ, ಯಾರು ನೀರು ಕೊಟ್ಟರು, ಮಗಳಿಗೆ ಏನು ಒಯ್ದಿರಿ? ಮೊಮ್ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಾದರೂ ಸರಿ, ಬರೆದಿಡಿ. ಅವಳ ಹೆಸರನ್ನೂ, ಊರನ್ನೂ, ಹೋದ ವರ್ಷವನ್ನೂ ಮೊದಲ ಸಾಲಿನಲ್ಲೇ ಬರೆಯಿರಿ.