ಹೆಸರಿನಲ್ಲಿ ಬಂಗಾರ, ಹಲ್ಲಿನಲ್ಲಿ ವಿಷ

ಮಳೆಗಾಲದ ಒಂದು ರಾತ್ರಿ. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದವನು ನಡುರಾತ್ರಿ ಹೊಟ್ಟೆನೋವೆಂದು ಏಳುತ್ತಾನೆ. ಅಜೀರ್ಣವಿರಬೇಕೆಂದು ಮನೆಯವರು ಓಮದ ಕಷಾಯ ಕುಡಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಅವನ ಕಣ್ಣರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಉಗುಳು ನುಂಗುವುದೂ ಕಷ್ಟವಾಗುತ್ತದೆ. ಕೊನೆಗೆ ಉಸಿರೇ ನಿಲ್ಲುತ್ತದೆ. ಮೈಮೇಲೆ ಊತವಿಲ್ಲ, ಎದ್ದು ಕಾಣುವ ಗಾಯವೂ ಇಲ್ಲ. ಹಾವು ಕಚ್ಚಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಕಟ್ಟುಹಾವಿನ ಕಡಿತ ಎಷ್ಟೋ ವೇಳೆ ಹೀಗೆಯೇ ನಡೆದುಹೋಗುತ್ತದೆ.

ಈ ಹಾವಿನ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು 'ಬಂಗಾರಸ್'. ಕೇಳಲು ಲ್ಯಾಟಿನ್‌ನಂತಿದ್ದರೂ ಇದರ ಬೇರು ತೆಲುಗಿನಲ್ಲಿದೆ. 18ನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದಲ್ಲಿ ಬೀಡುಬಿಟ್ಟು ಕೋರಮಂಡಲ ತೀರದ ಹಾವುಗಳನ್ನು ಸಂಗ್ರಹಿಸಿದ. ವಿಷದ ಹಾವು ಯಾವುದು, ನಿರಪಾಯಕಾರಿ ಹಾವು ಯಾವುದು ಎಂಬುದನ್ನು ಜನ ಗುರುತಿಸುವಂತಾಗಬೇಕೆಂಬುದು ಅವನ ಉದ್ದೇಶವಾಗಿತ್ತು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಅವನದೇ ಹೆಸರು.

1796ರಲ್ಲಿ ಪ್ರಕಟವಾದ ತನ್ನ ಸಚಿತ್ರ ಗ್ರಂಥದಲ್ಲಿ ರಸೆಲ್ ಸ್ಥಳೀಯರು ಹೇಳಿದ ಹೆಸರುಗಳನ್ನೇ ಬರೆದುಕೊಂಡ. ಕಪ್ಪು, ಹಳದಿ ಪಟ್ಟೆಗಳ ಒಂದು ಹಾವನ್ನು ಅವರು 'ಬಂಗಾರು ಪಾಮು', ಅಂದರೆ ಬಂಗಾರದ ಹಾವು ಎಂದಿದ್ದರು. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದೋದಾಂ 1803ರಲ್ಲಿ ಇಡೀ ಕುಲಕ್ಕೆ ಅದೇ ಹೆಸರನ್ನು ಖಾಯಂ ಮಾಡಿದ.

ಸ್ವಾರಸ್ಯವೆಂದರೆ, ಹೆಸರು ತಂದುಕೊಟ್ಟ ಈ ಹಳದಿ ಪಟ್ಟೆಯ ಹಾವು ಕಚ್ಚುವುದು ಅಪರೂಪ. ಪೂರ್ವ ಭಾರತದಿಂದ ಆಗ್ನೇಯ ಏಷ್ಯಾ, ದಕ್ಷಿಣ ಚೀನಾದವರೆಗೂ ಹಬ್ಬಿರುವ ಇದು ಎರಡು ಮೀಟರಿಗೂ ಮೀರಿ ಬೆಳೆಯುತ್ತದೆ. ಹಗಲಿನಲ್ಲಿ ಕೆಣಕಿದರೆ ಸುರುಳಿ ಸುತ್ತಿಕೊಂಡು ತಲೆಯನ್ನು ಮೈಯಡಿ ಬಚ್ಚಿಟ್ಟುಕೊಳ್ಳುತ್ತದೆ. ನಮ್ಮ ಊರು, ಹೊಲ, ಮನೆಗಳ ಸುತ್ತ ಸುಳಿದಾಡಿ ಜೀವ ತೆಗೆಯುವುದು ಅದರ ದಾಯಾದಿ: ಒಂದು ಮೀಟರಿನಷ್ಟು ಉದ್ದದ, ನೀಲಿ ಛಾಯೆಯ ಕಪ್ಪು ಮೈಯ, ತೆಳು ಬಿಳಿ ಗೆರೆಗಳ ಕಟ್ಟುಹಾವು. ಇದಕ್ಕೆ ಕಡಂಬಳ ಎಂಬ ಹೆಸರೂ ಉಂಟು.

ಕಟ್ಟುಹಾವು ಪಕ್ಕಾ ನಿಶಾಚರಿ. ಹಗಲೆಲ್ಲ ಇಲಿಬಿಲ, ಇಟ್ಟಿಗೆ ರಾಶಿ, ಗೋಡೆಯ ಸಂದಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಇಲಿ, ಹಲ್ಲಿ, ಕಪ್ಪೆಗಳ ಜೊತೆಗೆ ಇತರ ಹಾವುಗಳೂ ಇದಕ್ಕೆ ಆಹಾರ. ಹೀಗೆ ಬೇಟೆ ಹುಡುಕುತ್ತಾ ಮನೆಯೊಳಗೆ ಬಂದಾಗ ನೆಲದ ಮೇಲೆ ಮಲಗಿದವರು ಮಗ್ಗುಲು ಬದಲಿಸಿದರೆ ಸಾಕು, ಕಚ್ಚಬಹುದು. ಹಲ್ಲು ಚಿಕ್ಕದು, ನೋವು ಅತ್ಯಲ್ಪ. ನಿದ್ದೆಯಲ್ಲಿದ್ದವರಿಗೆ ಸೊಳ್ಳೆ ಕಚ್ಚಿದಷ್ಟೂ ಅರಿವಾಗದಿರಬಹುದು.

ಈ ವಿಷ ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ್ದು ತೈವಾನಿನ ವಿಜ್ಞಾನಿಗಳು. ಚಾಂಗ್ ಮತ್ತು ಲೀ 1963ರಲ್ಲಿ ಅಲ್ಲಿನ ಕಟ್ಟುಹಾವಿನ ವಿಷದಿಂದ 'ಬಂಗಾರೊಟಾಕ್ಸಿನ್' ಎಂಬ ಅಂಶಗಳನ್ನು ಬೇರ್ಪಡಿಸಿದರು. ಅದರಲ್ಲಿ ಒಂದು ಬಗೆಯದು ನರದ ಸಂದೇಶ ಸ್ನಾಯುವಿಗೆ ತಲುಪುವ ಬಾಗಿಲಿಗೇ ಬೀಗ ಜಡಿಯುತ್ತದೆ. ಇನ್ನೊಂದು ನರದ ತುದಿಯನ್ನೇ ಹಾಳುಮಾಡುತ್ತದೆ. ತುದಿ ಹಾಳಾದ ಮೇಲೆ ಕೊಟ್ಟ ಪ್ರತಿವಿಷ ಅದನ್ನು ಸರಿಪಡಿಸಲಾರದು. ನರ ತಾನೇ ಚೇತರಿಸಿಕೊಳ್ಳುವವರೆಗೆ ದಿನಗಟ್ಟಲೆ ಯಂತ್ರದಿಂದ ಉಸಿರಾಡಿಸಬೇಕು. ಸಮಯಕ್ಕೆ ಇಷ್ಟೊಂದು ಬೆಲೆ ಇರುವುದು ಇದಕ್ಕೇ. ಅದೇ ವಿಷದಿಂದ ಮನುಷ್ಯನಿಗೆ ಉಪಕಾರವೂ ಆಯಿತೆನ್ನಿ. ಬೀಗದಂಥ ಆ ಅಂಶವನ್ನು ಬಳಸಿಯೇ ವಿಜ್ಞಾನಿಗಳು 1970ರ ದಶಕದಲ್ಲಿ ಸ್ನಾಯುವಿನ ಆ ಬಾಗಿಲನ್ನು ಬೇರ್ಪಡಿಸಿ, ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆಯ ಮೂಲವನ್ನು ಕಂಡುಕೊಂಡರು.

ಇಷ್ಟೆಲ್ಲ ತಿಳಿದ ಮೇಲೂ ಕಟ್ಟುಹಾವು ತಜ್ಞರನ್ನೇ ಏಮಾರಿಸಿದ್ದುಂಟು. ಇದನ್ನು ಹೋಲುವ, ವಿಷವಿಲ್ಲದ ಹಾವುಗಳು ಹಲವಿವೆ. ಅಮೆರಿಕದ ಹೆಸರಾಂತ ಹಾವು ತಜ್ಞ ಜೋಸೆಫ್ ಸ್ಲೋವಿನ್‌ಸ್ಕಿ 2001ರ ಸೆಪ್ಟೆಂಬರ್‌ನಲ್ಲಿ ಮ್ಯಾನ್ಮಾರಿನ ಉತ್ತರದ ಕಾಡಿನಲ್ಲಿದ್ದರು. ನಿರಪಾಯಕಾರಿ ಹಾವೆಂದು ನಂಬಿ ಚೀಲದೊಳಕ್ಕೆ ಕೈಹಾಕಿದ ಅವರನ್ನು ಕಚ್ಚಿದ್ದು ಒಂದು ಪುಟ್ಟ ಕಟ್ಟುಹಾವು. ಸಂಗಡಿಗರು ಸರದಿಯ ಮೇಲೆ ಗಂಟೆಗಟ್ಟಲೆ ಬಾಯಿಂದ ಉಸಿರೂದಿ ಉಳಿಸಿಕೊಳ್ಳಲು ಹೆಣಗಿದರು. ನೆರವು ಬರುವ ಮೊದಲೇ, ಮರುದಿನ, ಅವರು ತೀರಿಕೊಂಡರು.

ತಜ್ಞರ ಪಾಡೇ ಹೀಗಿರುವಾಗ ಹಳ್ಳಿಯ ಮನೆಯವರ ಗತಿಯೇನು? ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆದರೆ ಹೊಟ್ಟೆನೋವೆಂದು ಮನೆಯಲ್ಲೇ ಉಳಿದವರ ಸಾವು ಯಾವ ವರದಿಯಲ್ಲಿ ಸೇರೀತು?

ಪರಿಹಾರವೇನೂ ದುಬಾರಿಯದಲ್ಲ. ಮಂಚದ ಮೇಲೆ ಮಲಗುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳುವುದು, ರಾತ್ರಿ ಎದ್ದರೆ ಟಾರ್ಚ್ ಹಿಡಿಯುವುದು. ಸೊಳ್ಳೆಪರದೆ ಹಾವು ಕಡಿತವನ್ನೂ ತಡೆಯುತ್ತದೆಂಬುದು ನೇಪಾಳದ ತರಾಯಿ ಪ್ರದೇಶದ ಅಧ್ಯಯನದಲ್ಲಿ ಕಂಡುಬಂದಿದೆ. ನೆಲದ ಮೇಲೆ ಮಲಗಿ ಎದ್ದವರಿಗೆ ಕಾರಣವಿಲ್ಲದೆ ಹೊಟ್ಟೆನೋವು ಬಂದು, ರೆಪ್ಪೆ ಜೋಲತೊಡಗಿದರೆ ಗಾಯ ಹುಡುಕುತ್ತ ಕೂರದೆ, ಮಂತ್ರ ಹಾಕಿಸಲು ಓಡದೆ, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಹಾವನ್ನು ಗುರುತಿಸುವ ಕೆಲಸವನ್ನು ರಸೆಲ್ ಇನ್ನೂರು ವರ್ಷಗಳ ಹಿಂದೆಯೇ ಶುರುಮಾಡಿದ. ಅದರ ಕಡಿತವನ್ನು ಗುರುತಿಸುವುದನ್ನು ನಾವು ಇನ್ನೂ ಕಲಿಯಬೇಕಾಗಿದೆ.