ಮಳಖೇಡದ ಎತ್ತು, ಸಾಲಿಯ ನಾಯಿ

"ಸಾಲಿ ತಲಿಗಿ ಹತ್ತಲ್ದಿದ್ರ ದನಾ ಕಾಯ್ಲಾಕ ಹೋಗು."

ನಮ್ಮ ಕಡೆ ಸರ್ಕಾರಿ ಸಾಲಿಯಲ್ಲಿ ಕಲಿತವರಲ್ಲಿ ಈ ಬೈಗುಳ ತಿನ್ನದವರು ಕಡಿಮೆ. ನಾವೂ ತಿಂದಿದ್ದೇವೆ. ಲೆಕ್ಕ ತಪ್ಪಿದರೆ ದನ, ಮಗ್ಗಿ ಮರೆತರೆ ಕುರಿ. ಸಾಲಿಗೆ ಬರುವವನು ಪ್ರಾಣಿಯನ್ನು ಹೊರಗೆ ಬಿಟ್ಟು ಬರಬೇಕು, ಪ್ರಾಣಿಯ ಹಿಂದೆ ಹೋದವನು ಸಾಲಿ ಬಿಟ್ಟ ಹಾಗೆ. ಎರಡೂ ಒಟ್ಟಿಗೆ ಇಲ್ಲ ಎಂಬುದು ಮಾಸ್ತರ ಬಾಯಿಂದ ನಮಗೆ ಬಂದ ಮೊದಲ ಪಾಠ.

ಈಗ ಇದು ನೆನಪಾಗಲು ಕಾರಣ ಒಂದು ನಾಯಿ. ಕುರಕುಂಟಾ ಸುತ್ತಿನ ಒಂದು ಸಾಲಿ, ಹೆಸರು ಬೇಡ. ಬಿಸಿಯೂಟದ ಅಡುಗೆ ಕೋಣೆ ಹಿಂದೆ ಒಂದು ಹೆಣ್ಣು ನಾಯಿ ಬೆಳೆದಿತ್ತು. ಮಕ್ಕಳೇ ಹೆಸರಿಟ್ಟಿದ್ದರು, ಅವರೇ ಅನ್ನ ಹಾಕುತ್ತಿದ್ದರು, ಮಳೆ ಬಂದರೆ ಅದು ತರಗತಿಯೊಳಗೇ ಬಂದು ಫರ್ಸಿ ಮೇಲೆ ಮಲಗುತ್ತಿತ್ತು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶ ಬಂತು. ಸಾಲಿ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿ ಬೀದಿನಾಯಿ ಇರಕೂಡದು, ಹಿಡಿದ ಜಾಗದಲ್ಲೇ ಮತ್ತೆ ಬಿಡಕೂಡದು, ಬೇಲಿಯೋ ಗೋಡೆಯೋ ಆಗಬೇಕು, ಒಬ್ಬರನ್ನು ಇದಕ್ಕೆ ಜವಾಬ್ದಾರರನ್ನಾಗಿ ಮಾಡಬೇಕು ಎಂದಿತು. ಸಾಲಿಯವರು ನಾಯಿಯನ್ನು ಹೊರಗೆ ಹಾಕಿಸಿದರು. ಎರಡು ದಿನ ಮಕ್ಕಳು ಊಟ ಸರಿಯಾಗಿ ಮಾಡಲಿಲ್ಲ ಎಂದು ಅಡುಗೆ ಅಕ್ಕ ನಮಗೆ ಹೇಳಿದರು. "ಕೋರ್ಟ್ ಹೇಳಿದ್ದು ಖರೇ ಅದ ರೀ, ಖರೇ ಹುಡುಗರಿಗಿ ಹ್ಯಾಂಗ ಹೇಳಾದು?" ಎಂದರು.

ಪ್ರಾಣಿಗೂ ಪಾಠಕ್ಕೂ ನಮ್ಮ ನೆಲದಲ್ಲಿ ಯಾವಾಗಿನಿಂದ ಜಗಳ ಎಂದು ನಾವು ಹಿಂದಕ್ಕೆ ಹೋಗಿ ನೋಡಿದೆವು. ಹಾಗೆ ನೋಡಿದರೆ ಮೊದಲು ಸಿಗುವುದು ಜಗಳವಲ್ಲ, ಒಂದು ಎತ್ತು.

ಕುರಕುಂಟಾದಿಂದ ಸೇಡಂ ದಾಟಿ ಕಲಬುರಗಿ ದಾರಿ ಹಿಡಿದರೆ ಮಳಖೇಡ. ಕಾಗಿಣಾ ದಂಡೆ. ರಾಷ್ಟ್ರಕೂಟರ ಮಾನ್ಯಖೇಟ, 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನ. ಅಲ್ಲೇ ಟೀಕಾಚಾರ್ಯರೆಂದು ಜನ ಕೈಮುಗಿಯುವ ಜಯತೀರ್ಥರ ಸನ್ನಿಧಿ ಇದೆ. ಅವರು 14ನೆಯ ಶತಮಾನದವರು. ಅವರ ಬಗ್ಗೆ ಮಠದ ಪರಂಪರೆ ಹೇಳುವ ಕಥೆ ಹೀಗಿದೆ. ಮಧ್ವಾಚಾರ್ಯರ ಪುಸ್ತಕದ ಗಂಟು ಹೊರುತ್ತಿದ್ದ ಎತ್ತೊಂದಿತ್ತು. ಪಾಠ ನಡೆಯುವಾಗ ಅದು ದೂರ ಹೋಗದೆ ನಿಂತು ಕೇಳುತ್ತಿತ್ತು. ನಿಮ್ಮ ಗ್ರಂಥಗಳಿಗೆ ಮುಂದೆ ಟೀಕೆ ಬರೆಯುವವರು ಯಾರು ಎಂದು ಶಿಷ್ಯರು ಕೇಳಿದಾಗ ಆಚಾರ್ಯರು ಈ ಎತ್ತನ್ನು ತೋರಿಸಿದರಂತೆ. ಶಿಷ್ಯರಿಗೆ ಹೊಟ್ಟೆಕಿಚ್ಚಾಗಿ, ಅದು ಹಾವು ಕಡಿದು ಸಾಯಲಿ ಎಂದು ಶಪಿಸಿದರಂತೆ. ಆಚಾರ್ಯರು ಉಳಿಸಿಕೊಂಡರಂತೆ. ಆ ಎತ್ತೇ ಮುಂದಿನ ಜನ್ಮದಲ್ಲಿ ಜಯತೀರ್ಥರಾಗಿ ಹುಟ್ಟಿತೆಂದು ನಂಬಿಕೆ.

ಇದು ಭಕ್ತರ ಕಥೆ, ಚರಿತ್ರೆಯ ದಾಖಲೆ ಅಲ್ಲ. ಆದರೆ ಕಥೆ ಕಟ್ಟಿದವರ ಮನಸ್ಸು ನೋಡಬೇಕು. ಪಾಠದ ಜಾಗದಲ್ಲಿ ಎತ್ತು ನಿಂತಿದ್ದು ಅವರಿಗೆ ವಿಚಿತ್ರ ಅನ್ನಿಸಲಿಲ್ಲ. ವಿಚಿತ್ರವಾಗಿ ಕಂಡದ್ದು ಶಿಷ್ಯರ ಹೊಟ್ಟೆಕಿಚ್ಚು. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನ ಕಥೆಯೂ ಇದೇ ಜಾಡಿನದು. ಗುರು ಅವನಿಗೆ 400 ಬಡಕಲು ದನ ಕೊಟ್ಟು ಕಾಯಲು ಕಳಿಸುತ್ತಾನೆ. ಸಾವಿರ ಆಗುವ ತನಕ ಬರುವುದಿಲ್ಲ ಎಂದು ಹೊರಟ ಹುಡುಗನಿಗೆ ಮೊದಲ ಪಾಠ ಹೇಳುವುದು ಹಿಂಡಿನ ಹೋರಿ. ಅಲ್ಲಿ ದನ ಕಾಯುವುದೇ ಕಲಿಕೆ.

ಹಾಗಾದರೆ ಮಾಸ್ತರ ಬೈಗುಳ ಎಲ್ಲಿಂದ ಬಂತು? ನಮಗೆ ತೋಚುವುದು ಹೀಗೆ. ಅಯ್ನೋರ ಸಾಲಿಯ ಕಾಲದಲ್ಲಿ ಪಾಠ ನಡೆಯುತ್ತಿದ್ದುದು ಗುಡಿಯ ಪಡಸಾಲೆ, ಮಠ, ಚಾವಡಿಗಳಲ್ಲಿ. ಅಲ್ಲಿ ದನದ ಸಗಣಿ ವಾಸನೆಗೆ ಗೋಡೆ ಅಡ್ಡ ಇರಲಿಲ್ಲ. ಆಮೇಲೆ ಸಾಲಿ ಎಂದರೆ ನೌಕರಿಯ ಬಾಗಿಲಾಯಿತು. 1948ರ ಸೆಪ್ಟೆಂಬರ್ ತನಕ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಓದಿದವನು ಮಾತು ಬದಲಿಸಬೇಕು, ಬಟ್ಟೆ ಬದಲಿಸಬೇಕು, ಹಟ್ಟಿಯಿಂದ ದೂರ ಹೋಗಬೇಕು. ಓದು ಊರು ಬಿಡಿಸುವ ಏಣಿಯಾದಾಗ ದನ ಕೆಳಗಿನ ಮೆಟ್ಟಿಲಾಯಿತು.

ಅಮೆರಿಕದಲ್ಲಿ ಇದರ ಉಲ್ಟಾ ನಡೆಯಿತು. 1890ರ ದಶಕದಲ್ಲಿ ಬೇಸಾಯ ಕುಸಿದು ಹಳ್ಳಿ ಮಕ್ಕಳು ನ್ಯೂಯಾರ್ಕ್ ಕಡೆ ಓಡತೊಡಗಿದಾಗ, ಅವರಿಗೆ ತಮ್ಮ ಹೊಲದ ಮೇಲೆ ಪ್ರೀತಿ ಹುಟ್ಟಿಸಬೇಕೆಂದು ಕಾರ್ನೆಲ್ ವಿಶ್ವವಿದ್ಯಾಲಯದವರು 'ನಿಸರ್ಗ ಅಧ್ಯಯನ' ಶುರು ಮಾಡಿದರು. ಆನಾ ಕಾಮ್‌ಸ್ಟಾಕ್ ಎಂಬ ಶಿಕ್ಷಕಿ 1911ರಲ್ಲಿ ಅದಕ್ಕೊಂದು ದಪ್ಪ ಕೈಪಿಡಿ ಬರೆದರು. ಕೋಳಿ, ಕಪ್ಪೆ, ಇರುವೆ ಎಲ್ಲ ಪಾಠವಾದವು. ಊರಲ್ಲಿ ಉಳಿಸಲು ಅವರು ಪ್ರಾಣಿಯನ್ನು ತರಗತಿಗೆ ತಂದರು. ನಾವು ಊರು ಬಿಡಿಸಲು ಹೊರಗೆ ಹಾಕಿದೆವು.

ನಮ್ಮಲ್ಲಿಯೂ ಪ್ರಯತ್ನ ಆಗಲಿಲ್ಲ ಎಂದಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಕಲಿಸುವ ಶಿಕ್ಷಣದ ಮಾತು ಎತ್ತಿದರು. ಅದರ ಪಠ್ಯ ರೂಪಿಸಿದ ಸಮಿತಿಯ ಅಧ್ಯಕ್ಷರು ಜಾಕಿರ್ ಹುಸೇನ್. ಹುಟ್ಟಿದ್ದು ಹೈದರಾಬಾದಿನಲ್ಲಿ, ಮುಂದೆ ರಾಷ್ಟ್ರಪತಿ ಆದವರು. ಅವರು ಮಕ್ಕಳಿಗಾಗಿ ಉರ್ದುವಿನಲ್ಲಿ ಒಂದು ಕಥೆ ಬರೆದಿದ್ದಾರೆ, ಅಬ್ಬು ಖಾನನ ಆಡಿನದು. ಮುದುಕ ಅಬ್ಬು ಖಾನ್ ಪ್ರೀತಿಯಿಂದಲೇ ಸಾಕುತ್ತಾನೆ. ಆಡಿಗೆ ಹಗ್ಗ ಬೇಡ, ಗುಡ್ಡ ಬೇಕು. ತಪ್ಪಿಸಿಕೊಂಡು ಹೋಗಿ ರಾತ್ರಿಯಿಡೀ ತೋಳದ ಜೊತೆ ಹೋರಾಡಿ ಬೆಳಗಿನ ಜಾವ ಸಾಯುತ್ತದೆ. ತರಗತಿಯಲ್ಲಿ ಪಂಜರ ಇಡಬೇಕೆನ್ನುವವರು ಈ ಕಥೆಯನ್ನು ಮಕ್ಕಳಿಗೆ ಓದಿ ಹೇಳಿದ ಮೇಲೆ ಇಡಲಿ. ಗಿಳಿ, ನಕ್ಷತ್ರ ಆಮೆ ಇಡುವ ಆಸೆ ಇದ್ದರೆ ಅದನ್ನು ಅಲ್ಲಿಗೇ ಬಿಡಬೇಕು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಪ್ರಾಣಿ ಸಾಕುವ ಪಾಠ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಜಪಾನಿನ ಒಂದು ತರಗತಿ ತೋರಿಸಿತು. ಅಲ್ಲಿ ಪ್ರಾಥಮಿಕ ಸಾಲಿಯ ಅಂಗಳದಲ್ಲಿ ಮೊಲ, ಕೋಳಿ ಸಾಕುವುದು ರೂಢಿ. 1990ರಲ್ಲಿ ಒಸಾಕಾ ಕಡೆಯ ಕುರೋದಾ ಯಾಸುಫುಮಿ ಎಂಬ ಮಾಸ್ತರು ಹಂದಿಮರಿ ತಂದರು. ಸಾಕೋಣ, ಬೆಳೆದ ಮೇಲೆ ತಿನ್ನೋಣ, ಊಟ ಎಲ್ಲಿಂದ ಬರುತ್ತದೆಂದು ತಿಳಿಯಲಿ ಎಂಬುದು ಅವರ ಲೆಕ್ಕ. ಮಕ್ಕಳು ಅದಕ್ಕೆ ಪಿ-ಚಾನ್ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಲೆಕ್ಕ ಕೆಟ್ಟಿತು. ಸುಮಾರು 900 ದಿನ ಸಾಕಿದರು. ಸಾಲಿ ಬಿಡುವ ಹೊತ್ತಿಗೆ ಕೊಲ್ಲಬೇಕೋ ಬೇಡವೋ ಎಂದು ತರಗತಿಯೇ ಎರಡಾಯಿತು. ಕೊನೆಗೆ ಹಂದಿ ಮಾಂಸದ ಕೇಂದ್ರಕ್ಕೆ ಹೋಯಿತು. 2008ರಲ್ಲಿ ಇದು ಸಿನಿಮಾ ಕೂಡ ಆಯಿತು. ಟೋಕಿಯೋದವರಿಗೆ ಇದು ದೊಡ್ಡ ಪ್ರಶ್ನೆ. ನಮ್ಮ ಕುರಿಗಾರರ ಮನೆಯ ಆರು ವರ್ಷದ ಹುಡುಗಿಗೆ ಉತ್ತರ ಗೊತ್ತು. ಹಬ್ಬದ ಹಿಂದಿನ ದಿನ ಅವಳು ಅತ್ತಿರುತ್ತಾಳೆ, ಮರುದಿನ ಉಂಡಿರುತ್ತಾಳೆ. ಇದನ್ನು ಯಾವ ಮಾಸ್ತರೂ ಅವಳನ್ನು ಕೇಳಿಲ್ಲ.

ನಾಯಿಯ ವಿಷಯಕ್ಕೆ ಬರೋಣ. ಇದರಲ್ಲಿ ನಮಗೆ ಗೊಂದಲ ಇಲ್ಲ. 1885ರ ಜುಲೈನಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮೊದಲ ಬಾರಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟದ್ದು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ. ನಾಯಿ ಅವನ ಮೇಲೆ ಬಿದ್ದದ್ದು ಅವನು ಸಾಲಿಗೆ ಹೋಗುವ ದಾರಿಯಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಲಸಿಕೆ ಪಡೆದ ಇನ್ನೊಬ್ಬ ಜುಪಿಯ್, 15 ವರ್ಷದ ಕುರಿ ಕಾಯುವ ಹುಡುಗ. ಸಣ್ಣ ಹುಡುಗರ ಮೇಲೆ ಹುಚ್ಚುನಾಯಿ ಬಂದಾಗ ಓಡದೆ ನಿಂತು, ಚಾವಟಿಯ ಹಗ್ಗದಿಂದ ಅದರ ಬಾಯಿ ಕಟ್ಟಿದವನು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಆವರಣದಲ್ಲಿ ಅವನ ಪ್ರತಿಮೆ ಇದೆ. ಶಂಕಿತ ಹುಚ್ಚುನಾಯಿ ಕಡಿತಕ್ಕೆ ಸಿಗುವವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದ ಒಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಇಂದಿಗೂ ಹೇಳುತ್ತದೆ. ಮಕ್ಕಳು ಪರಚಿದ್ದನ್ನು ಮನೆಯಲ್ಲಿ ಹೇಳುವುದಿಲ್ಲ, ಬೈಯುತ್ತಾರೆಂಬ ಹೆದರಿಕೆ. ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಕಡಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಖಾರ, ಸುಣ್ಣ ಹಚ್ಚುವುದು ಬೇಡ.

ಅದಕ್ಕೇ ಅಡುಗೆ ಕೋಣೆ ಹಿಂದಿನ ನಾಯಿ ಹೋದದ್ದು ಸರಿ ಎನ್ನುತ್ತೇವೆ. ಆದರೆ ನಾಯಿಯನ್ನು ಅಲ್ಲಿಗೆ ಕರೆದದ್ದು ಯಾರು? ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದೇ ನಮ್ಮ ಕಲಬುರಗಿ ಸೇರಿದ ಏಳು ಜಿಲ್ಲೆಗಳಲ್ಲಿ. ಮಕ್ಕಳ ಹೊಟ್ಟೆಗೆ ಅನ್ನ ಬಂತು, ಉಳಿದದ್ದು ಗೋಡೆಯಿಲ್ಲದ ಅಂಗಳದಲ್ಲಿ ಬಿತ್ತು. ಉಳಿದ ಅನ್ನಕ್ಕೆ ಒಂದು ಮುಚ್ಚಿದ ಡಬ್ಬಿ, ಅಂಗಳಕ್ಕೆ ಒಂದು ಗೇಟು ಇಲ್ಲದಿದ್ದರೆ ಒಂದು ನಾಯಿ ಹೋದ ಜಾಗಕ್ಕೆ ಎರಡು ಬರುತ್ತವೆ.

ಮೊಲ, ಮೀನಿನ ತೊಟ್ಟಿಗೂ ನಮ್ಮ ತರಗತಿ ಜಾಗವಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಕರೆಂಟಿನ ಭರವಸೆ ಇಲ್ಲ. ಏಪ್ರಿಲ್‌ನಲ್ಲಿ ಸಾಲಿ ಮುಚ್ಚಿದರೆ ನೀರು ಹಾಕುವವರು ಯಾರು? ಅಮೆರಿಕದಲ್ಲಿ ಪುಟ್ಟ ಆಮೆಗಳನ್ನು ಮುಟ್ಟಿ ಮಕ್ಕಳಿಗೆ ವಾಂತಿಭೇದಿ ಹೆಚ್ಚಾದ್ದರಿಂದ 1975ರಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಕೈ ತೊಳೆಯಲು ನಲ್ಲಿ ಇದ್ದ ದೇಶದ ಮಾತು ಅದು.

ಪ್ರಾಣಿ ಮನೆಯಲ್ಲಿರಲಿ, ಅದರ ಅರಿವು ತರಗತಿಗೆ ಬರಲಿ ಎಂದು ನಾವು ಹೇಳುತ್ತೇವೆ. ಒಂದು ಸಾಲಿಯಲ್ಲಿ ಇದು ತಾನಾಗಿಯೇ ಆಯಿತು. ಪರಿಸರ ಪಾಠದಲ್ಲಿ ಹಲ್ಲಿನ ವಿಷಯ ಬಂದಾಗ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ಆಡಿಗೆ ಮೇಲಿನ ಮುಂದಿನ ಹಲ್ಲೇ ಇರುವುದಿಲ್ಲ ಸರ, ಕೆಳಗಿನ ಹಲ್ಲು ನೋಡಿ ವಯಸ್ಸು ಹೇಳಬಹುದು ಎಂದ. ಭಾನುವಾರ ಸಂಜೆಗಳಲ್ಲಿ ಅಪ್ಪನ ಜೊತೆ ಆಡು ಕಾಯುವವನು. ತರಗತಿ ನಕ್ಕಿತು. ಮಾಸ್ತರಿಗೂ ಅನುಮಾನ. "ನಾಳಿ ಹೊಡಕೊಂಡು ಬಾ, ನೋಡಮ್ಮಿ" ಎಂದರು.

ಮರುದಿನ ಆಡು ಬಂತು. ತರಗತಿಯ ಒಳಗಲ್ಲ, ಬೇವಿನ ಗಿಡದ ಕೆಳಗೆ. ಹುಡುಗ ಮೊಣಕಾಲಲ್ಲಿ ಅದರ ಕುತ್ತಿಗೆ ಒತ್ತಿ, ಎರಡು ಬೆರಳಲ್ಲಿ ತುಟಿ ಬಿಡಿಸಿದ. ಮೇಲೆ ಬರೀ ವಸಡು. ಕೆಳಗೆ ನಡುವೆ ಎರಡು ದೊಡ್ಡ ಹಲ್ಲು. "ವರ್ಷ ದಾಟ್ಯಾದ್ರಿ ಸರ, ಎರಡು ತುಂಬಿಲ್ಲ." ಮಾಸ್ತರು ಬಗ್ಗಿ ನೋಡಿ ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಮಕ್ಕಳೆಲ್ಲ ಸೋಪಿನಿಂದ ಕೈ ತೊಳೆದರು. ಊಟದ ಗಂಟೆಗೆ ಮೊದಲೇ ಅವನು ಅದನ್ನು ಮನೆಗೆ ಬಿಟ್ಟು ಓಡಿ ಬಂದ.